ಗ್ರೀಸಿನಿಂದ ಬಂದ ಅರೆತಲೆನೋವು

ದೆಹಲಿಯಲ್ಲಿ ಜಿಲೇಬಿಯನ್ನು ಬಾಯಿಚಪಲಕ್ಕೆ ತಿಂದವರು ಬೇಕಾದಷ್ಟು ಮಂದಿ ಇದ್ದಾರೆ. ಔಷಧಿಯೆಂದು, ಮುಖ ಸಿಂಡರಿಸಿಕೊಂಡು, ಸೂರ್ಯ ಹುಟ್ಟುವ ಮುಂಚೆ ತಿಂದವರು ಕಡಿಮೆ. ಆ ಕಡಿಮೆಯವರಲ್ಲಿ ನಾನೂ ಒಬ್ಬಳು. ಮೊನ್ನೆ ಮಾರ್ಕೆಟ್ಟಿನ ಮೂಲೆಯಲ್ಲಿ ಹಲ್ವಾಯಿ ಬಾಣಲೆಗೆ ಹಿಟ್ಟು ಸುತ್ತಿಬಿಡುತ್ತಿದ್ದುದನ್ನು ನೋಡುತ್ತಾ ನಿಂತಿದ್ದೆ. “ಕಿತನಾ ದೂಂ, ಮೇಡಂಜೀ?” ಎಂದ. “ಬೇಡ ಭಯ್ಯಾ, ಈಗ ಹುಷಾರಾಗಿದ್ದೀನಿ” ಎಂದು ಹೇಳಬೇಕೆನ್ನಿಸಿತು. ಹೇಳಿದ್ದರೆ ಅವನಿಗೆ ನನ್ನ ಬುದ್ಧಿಯ ಮೇಲೆ ಅನುಮಾನ ಬರುತ್ತಿತ್ತು. ಸುಮ್ಮನೆ ಪಾವು ಕಿಲೋ ಕಟ್ಟಿಸಿಕೊಂಡು ಬಂದೆ.

ಈ ಜಿಲೇಬಿಯ ಚಿಕಿತ್ಸೆ ಶುರುವಾದದ್ದು ನಾನು ಮದುವೆಯಾಗಿ ದೆಹಲಿಗೆ ಬಂದ ಹೊಸದರಲ್ಲಿ. ನಮ್ಮವರಿಗೆ ಲೋಧಿ ಕಾಲೋನಿಯಲ್ಲಿ ಸರ್ಕಾರಿ ಮನೆ ಸಿಕ್ಕಿತ್ತು. ದಪ್ಪ ಗೋಡೆ, ಎತ್ತರದ ಚಾವಣಿ, ಹೊರಗೆ ಬೇವಿನ ಮರ. ಮೊದಲ ಬೇಸಿಗೆಯಲ್ಲೇ ನನ್ನ ತಲೆನೋವು ವಿಳಾಸ ಹುಡುಕಿಕೊಂಡು ಬಂತು. ನಾನು ತಲೆ ಹಿಡಿದುಕೊಂಡು ಬಿದ್ದಿದ್ದಾಗ ಪಕ್ಕದ ಮನೆಯ ಖನ್ನಾ ಆಂಟಿ ಬಟ್ಟಲಲ್ಲಿ ಮಜ್ಜಿಗೆಹುಳಿಯಂಥ ಕಢಿ ಹಿಡಿದುಕೊಂಡು ಬಂದರು. ನನಗೆ ಆಗ ಹಿಂದಿ ಅಷ್ಟಕ್ಕಷ್ಟೆ. “ಕಹಾಂ ದರ್ದ್ ಹೈ, ಬೇಟಾ?” ಎಂದು ಕೇಳಿದ್ದಕ್ಕೆ ಬೆರಳಿನಿಂದ ಹುಬ್ಬಿನ ನಡುವಿನಿಂದ ನೆತ್ತಿಯವರೆಗೆ ಒಂದು ಗೆರೆ ಎಳೆದು, ಎಡಗಡೆಯನ್ನು ತಟ್ಟಿ ತೋರಿಸಿದೆ. ಆಂಟಿಯ ಮುಖ ಅರಳಿತು. “ಅರೇ, ಯೇ ತೋ ಆಧಾಸೀಸಿ ಹೈ!” ಎಂದರು. ತವರಿನ ಕಡೆಯ ನೆಂಟರು ದಾರಿಯಲ್ಲಿ ಸಿಕ್ಕಿದಷ್ಟು ಸಂತೋಷ ಆ ದನಿಯಲ್ಲಿತ್ತು.

ಔಷಧಿಯನ್ನೂ ಅಲ್ಲೇ ಹೇಳಿಬಿಟ್ಟರು. ಸೂರ್ಯ ಹುಟ್ಟುವ ಮುಂಚೆ ಬಿಸಿ ಹಾಲಿನಲ್ಲಿ ಜಿಲೇಬಿ ನೆನೆಸಿ ತಿನ್ನಬೇಕು, ಮಾತಾಡಬಾರದು. ಹೊಸ ಹೆಂಡತಿಯ ಮೇಲಿನ ಅಕ್ಕರೆಯಿಂದ ನಮ್ಮವರು ಕತ್ತಲು ಹರಿಯುವ ಮುಂಚೆಯೇ ಎದ್ದು ಹಲ್ವಾಯಿ ಅಂಗಡಿಯ ಬಾಗಿಲಲ್ಲಿ ನಿಂತರು. ನಾನು ತಿಂದೆ. ಮಾತಾಡಲಿಲ್ಲ. ತಲೆನೋವೇನೂ ಹೋಗಲಿಲ್ಲ, ರವಿಕೆ ಮಾತ್ರ ಬಿಗಿಯಾಯಿತು. ನಾನು ಚಿಕಿತ್ಸೆ ಬಿಟ್ಟ ಮೇಲೂ ನಮ್ಮವರು ಬಹಳ ಕಾಲ ಅದನ್ನು ಮುಂದುವರಿಸಿದರು. “ನಿಮಗೆ ತಲೆನೋವೇ ಇಲ್ವಲ್ಲ?” ಎಂದರೆ, “ನೋಡು, ಹೇಗೆ ಕೆಲಸ ಮಾಡ್ತಿದೆ!” ಎನ್ನುತ್ತಿದ್ದರು.

ಆದರೆ ಆ ದಿನ ಜಿಲೇಬಿಗಿಂತ ಹೆಚ್ಚಾಗಿ ನನ್ನ ತಲೆಯಲ್ಲಿ ಉಳಿದದ್ದು ಆ ಹೆಸರು. ಆಧಾ ಎಂದರೆ ಅರ್ಧ. ಸೀಸಿ ಎಂದರೆ ಶೀರ್ಷ, ತಲೆ. ಚಳ್ಳಕೆರೆಯಲ್ಲಿ ನಮ್ಮಜ್ಜಿ ಅನ್ನುತ್ತಿದ್ದುದೂ ಅದನ್ನೇ ಅಲ್ಲವೆ? ಅರೆತಲೆನೋವು.

ಚಳ್ಳಕೆರೆ ಎಣ್ಣೆ ಗಿರಣಿಗಳ ಊರು. ನಾನು ಚಿಕ್ಕವಳಿದ್ದಾಗ ಗಾಳಿ ಬೀಸಿದ ಕಡೆಗೆಲ್ಲ ಶೇಂಗಾ ಹಿಂಡಿಯ ವಾಸನೆ ಬರುತ್ತಿತ್ತು. ಊರಿನವರಿಗೆ ಅದು ಅನ್ನದ ವಾಸನೆ. ನನಗೆ ಮಾತ್ರ ಕೆಲವು ದಿನ ಆ ವಾಸನೆ ಮೂಗಿಗೆ ತಾಕಿದರೆ ಸಾಕು, ಹೊಟ್ಟೆ ತೊಳಸಿಕೊಂಡು ಬರುತ್ತಿತ್ತು. ಆಮೇಲೆ ಎಡಗಣ್ಣಿನ ಹಿಂದೆ ಯಾರೋ ಒನಕೆ ಹಿಡಿದು ಕುಟ್ಟಲು ಶುರುಮಾಡುತ್ತಿದ್ದರು. ಗಣಿತದ ಮೇಷ್ಟ್ರು, “ನಿನ್ನ ತಲೆನೋವಿಗೆ ಟೈಂಟೇಬಲ್ ಚೆನ್ನಾಗಿ ಗೊತ್ತಮ್ಮ, ನನ್ನ ಪೀರಿಯಡ್ಡಿಗೇ ಬರುತ್ತೆ” ಎನ್ನುತ್ತಿದ್ದರು. ಅವರ ಪೀರಿಯಡ್ಡು ಇದ್ದದ್ದು ಮಟಮಟ ಮಧ್ಯಾಹ್ನ, ಬಿಸಿಲು ಕಿಟಕಿಯಿಂದ ನೇರ ನನ್ನ ಬೆಂಚಿಗೆ ಬೀಳುವ ಹೊತ್ತು. ಅದನ್ನು ಹೇಳುವಷ್ಟು ಬಾಯಿ ನನಗೆಲ್ಲಿತ್ತು?

ಮನೆಯಲ್ಲಿ ಅಜ್ಜಿ ಇದ್ದಳು. ಸಾಣೆಕಲ್ಲಿನ ಮೇಲೆ ಒಣಶುಂಠಿ ತೇಯುತ್ತಾ, “ಯಾವ ಕಡೆ ಮಗಾ?” ಎಂದು ಕೇಳುತ್ತಿದ್ದಳು. ‘ನಿಜವಾಗ್ಲೂ ನೋಯ್ತಿದೆಯಾ?’ ಎಂದು ಒಂದು ದಿನವೂ ಕೇಳಿದವಳಲ್ಲ. ಯಾವ ಕಡೆ ಎಂದಷ್ಟೇ ಕೇಳಿ, ಆ ಕಡೆಗೆ ಮಾತ್ರ ಗಂಧ ಹಚ್ಚಿ, ಮನೆಯವರನ್ನೆಲ್ಲ ಹೊರಗೆ ಅಟ್ಟುತ್ತಿದ್ದಳು. “ಮಗೀಗೆ ಅರೆತಲೆನೋವು ಕಣ್ರೋ, ಪಾತ್ರೆ ಗೀತ್ರೆ ಸದ್ದು ಮಾಡಿದ್ರೆ ನೋಡಿ ಮತ್ತೆ!” ಶುಂಠಿ ಉರಿಯುತ್ತಿತ್ತು, ನೋವು ನೋಯುತ್ತಲೇ ಇತ್ತು. ಆದರೂ ಎಂಥದೋ ಒಂದು ಸಮಾಧಾನ ಆಗುತ್ತಿತ್ತು.

ದೆಹಲಿಯಲ್ಲಿ ನನಗೆ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಹೇಳುವ ಕೆಲಸ ಸಿಕ್ಕಿತು. ಒಂದು ದಿನ ಲೈಬ್ರರಿಯಲ್ಲಿ ಪದಮೂಲಗಳ ದಪ್ಪ ನಿಘಂಟನ್ನು ಎಳೆದುಕೊಂಡು, ಅಷ್ಟು ವರ್ಷ ನನ್ನ ಜೊತೆ ಸಂಸಾರ ಮಾಡಿದ್ದ ಕಾಯಿಲೆಯ ಪೂರ್ವಾಪರ ವಿಚಾರಿಸಿದೆ. ಮೈಗ್ರೇನ್. ಇಂಗ್ಲಿಷಿಗೆ ಇದು ಬಂದದ್ದು ಫ್ರೆಂಚಿನಿಂದ. ಫ್ರೆಂಚಿಗೆ ಲ್ಯಾಟಿನ್ನಿನ ‘ಹೆಮಿಕ್ರೇನಿಯಾ’ದಿಂದ. ಲ್ಯಾಟಿನ್ನಿಗೆ ಗ್ರೀಕಿನಿಂದ. ಗ್ರೀಕಿನಲ್ಲಿ ಹೆಮಿ ಎಂದರೆ ಅರ್ಧ, ಕ್ರೇನಿಯನ್ ಎಂದರೆ ತಲೆಬುರುಡೆ. ಅರ್ಧ ತಲೆಬುರುಡೆ! ಗ್ರಂಥಪಾಲಕರು ತಲೆಯೆತ್ತಿ ನೋಡುವಷ್ಟು ಜೋರಾಗಿ ನಾನು “ಅಯ್ಯೋ ಅಜ್ಜೀ!” ಎಂದುಬಿಟ್ಟಿದ್ದೆ.

ನಿಮಗೆ ಇದರಲ್ಲಿ ಅಂಥ ವಿಶೇಷವೇನೂ ಕಾಣದಿರಬಹುದು. ನನಗೆ ಮಾತ್ರ ಅವತ್ತು ಊಟ ಸೇರಲಿಲ್ಲ. ನೋಡಿ, ಗ್ರೀಕರ ಹೆಮಿಕ್ರೇನಿಯಾ ಫ್ರೆಂಚರ ಬಾಯಿಗೆ ಬರುವಷ್ಟರಲ್ಲಿ ಮುಂದಿನ ‘ಹೆ’ ಉದುರಿಹೋಗಿದೆ. ಅರ್ಧ ಎನ್ನುವ ಮಾತಿನಲ್ಲೇ ಅರ್ಧ ಕಳೆದುಕೊಂಡು, ಉಳಿದ ‘ಮಿ’ಯನ್ನು ಹಿಡಿದುಕೊಂಡು ಪಾಪ ಅದು ಇಂಗ್ಲೆಂಡಿಗೆ ಬಂದಿದೆ. ಕ್ರೇನಿಯನ್ನಿಗೂ ನಮ್ಮ ಶಿರಸ್ಸಿಗೂ ದೂರದ ನೆಂಟಸ್ತನ ಉಂಟೆಂದು ಭಾಷೆ ಬಲ್ಲವರು ಹೇಳುತ್ತಾರೆ. ಆ ಲೆಕ್ಕದಲ್ಲಿ ಖನ್ನಾ ಆಂಟಿಯ ಸೀಸಿಯೂ ಗ್ರೀಕರ ಕ್ರೇನಿಯನ್ನೂ ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳು. ನಮ್ಮ ಕನ್ನಡದ ‘ತಲೆ’ಗೆ ಆ ಮನೆತನದ ನಂಟಿಲ್ಲ. ಹಾಗಿದ್ದೂ ಅಜ್ಜಿ ಅರೆತಲೆ ಎಂದಳಲ್ಲ! ಅವಳಿಗೆ ಗ್ರೀಸ್ ಹಾಗಿರಲಿ, ಬಳ್ಳಾರಿಯೇ ಪರದೇಶವಾಗಿತ್ತು.

ನನಗೆ ಆ ಹೆಸರಿಟ್ಟ ಗ್ರೀಕ್ ವೈದ್ಯನ ಮೇಲೆ, ಅವನ ಗಡ್ಡ ಹೇಗಿತ್ತೋ ಗೊತ್ತಿಲ್ಲದಿದ್ದರೂ, ಬಹಳ ಗೌರವ ಹುಟ್ಟಿತು. ಯೋಚಿಸಿ. ಅವನ ಎದುರಿಗೆ ಒಬ್ಬಳು ಬಂದು ಕೂತಿದ್ದಾಳೆ. ರಕ್ತ ಇಲ್ಲ, ಬಾವು ಇಲ್ಲ, ಮೈ ಸುಡುತ್ತಿಲ್ಲ. ನೋಡಿದರೆ ಚೆನ್ನಾಗಿಯೇ ಇದ್ದಾಳೆ. ಆದರೂ ‘ಈ ಅರ್ಧ ನೋಯುತ್ತಿದೆ, ಆ ಅರ್ಧ ನೋಯುತ್ತಿಲ್ಲ’ ಎನ್ನುತ್ತಾಳೆ. ಇದನ್ನು ಯಾರಾದರೂ ನಂಬುವ ಮಾತೇ? ನಮ್ಮ ಗಣಿತದ ಮೇಷ್ಟ್ರಾಗಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಆ ಮಹಾನುಭಾವ ಅವಳ ಬೆರಳು ಎಳೆದ ಗೆರೆಯನ್ನು ನೋಡಿದ, ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಹೆಸರು ಮಾಡಿ ಇಟ್ಟ. ನಮ್ಮ ಹಳೆಯ ವೈದ್ಯರು ಅರ್ಧಾವಭೇದಕ, ಅರ್ಧ ಸೀಳುವಂಥದು ಎಂದರು. ಪಂಜಾಬಿನ ಖನ್ನಾ ಆಂಟಿ ಆಧಾಸೀಸಿ ಎಂದರು. ಒಬ್ಬರು ಇನ್ನೊಬ್ಬರಿಂದ ಕೇಳಿದ್ದೋ ಇಲ್ಲವೋ ನಾನು ಕಾಣೆ. ಒಂದಂತೂ ನಿಜ, ಇವರೆಲ್ಲ ಎಂದೋ ಒಂದು ದಿನ ನೋಯುತ್ತಿದ್ದವರ ಪಕ್ಕ ಕೂತು, ‘ಎಲ್ಲಿ, ತೋರಿಸು’ ಎಂದು ಕೇಳಿದವರು. ಕೇಳಿ, ನಂಬಿದವರು.

ಅಂದಿನಿಂದ ನನಗೆ ಹುಚ್ಚು ಹಿಡಿಯಿತು. ತಲೆನೋವಿನ ಜೊತೆ ಬರುವ ಓಕರಿಕೆಗೆ ಡಾಕ್ಟರು ನಾಸಿಯಾ ಎಂದರೆ, ಅದರ ಬೇರು ಗ್ರೀಕಿನಲ್ಲಿ ಹಡಗು ಎಂಬ ಶಬ್ದ, ಮೊದಲು ಅದಕ್ಕೆ ಕಡಲಯಾನದ ಸಂಕಟ ಎಂದೇ ಅರ್ಥವಿತ್ತು ಎಂದು ಅವರಿಗೇ ಪಾಠ ಹೇಳಿ ಬಂದೆ. ಕೆರೆಯಲ್ಲೇ ನೀರು ಕಾಣದ ಊರಿನವಳು ಹಡಗು ಹತ್ತದೆ ವಾಂತಿ ಮಾಡಿಕೊಂಡು ಬೆಳೆದೆನಲ್ಲ ಎಂದು ಹೆಮ್ಮೆಪಟ್ಟೆ. “ನಿನಗೆ ನೆಗಡಿ ಬಂದ್ರೆ ಗ್ರೀಕರು ಸೀನಬೇಕು” ಎಂದು ನಮ್ಮವರು ರೇಗಿಸುತ್ತಾರೆ. ರೇಗಿಸಲಿ. ಡಾಕ್ಟರ್ ಎಂಬ ಲ್ಯಾಟಿನ್ ಶಬ್ದಕ್ಕೆ ಮೂಲದಲ್ಲಿ ಪಾಠ ಹೇಳುವವರು ಎಂದೇ ಅರ್ಥ. ಹಾಗಾಗಿ ಮನೆಯಲ್ಲಿ ನಿಜವಾದ ಡಾಕ್ಟರು ನಾನೇ ಎಂದು ಹೇಳಿ ಅವರ ಬಾಯಿ ಮುಚ್ಚಿಸಿದ್ದೇನೆ.

ಇಷ್ಟೆಲ್ಲ ಪಾಂಡಿತ್ಯದಿಂದ ಯಾರಿಗಾದರೂ ಮೂರು ಕಾಸಿನ ಉಪಯೋಗ ಆದೀತೆಂದು ನಾನು ಅಂದುಕೊಂಡಿರಲಿಲ್ಲ. ಸಿಂಧು ಬರುವವರೆಗೆ.

ನಮ್ಮ ಕಡೆಯ ಮಕ್ಕಳು ದೆಹಲಿಗೆ ಓದಲು ಹೊರಟರೆ, ಹೆತ್ತವರು ಮೊದಲು ಮಾಡುವ ಕೆಲಸ ದೆಹಲಿಯಲ್ಲಿ ಊರಿನವರು ಯಾರಿದ್ದಾರೆಂದು ಹುಡುಕುವುದು. ಮುಖಪರಿಚಯ ಇರಬೇಕೆಂದಿಲ್ಲ, ಜಾತಿ ಗೀತಿ ಕೇಳುವುದಿಲ್ಲ, ಊರು ಒಂದಾದರೆ ಸಾಕು. ಹಾಗೆ ಹುಡುಕಿ ಹಿಡಿದವರಿಗೆ ಲೋಕಲ್ ಗಾರ್ಡಿಯನ್ ಎಂಬ ಪದವಿ ಕೊಡುತ್ತಾರೆ. ಈ ಪದವಿಯನ್ನು ಬೇಡವೆನ್ನುವ ಹಕ್ಕು ನಮಗಿಲ್ಲ. ಸಿಂಧುವಿನ ತಂದೆ ತಿಪ್ಪೇಸ್ವಾಮಿ ಚಳ್ಳಕೆರೆಯಲ್ಲಿ ಎಣ್ಣೆ ಗಿರಣಿ ನಡೆಸುತ್ತಾರೆ. ಊರಿನಲ್ಲಿರುವ ನನ್ನ ತಮ್ಮನಿಂದ ನಂಬರು ತೆಗೆದುಕೊಂಡು ಫೋನ್ ಮಾಡಿದವರು, “ಮೇಡಂ, ಮಗಳು ಸಿ.ಎ. ಓದೋಕೆ ಬರ್ತಾ ಇದಾಳೆ. ನಿಮ್ಮ ಮಡಿಲಿಗೆ ಹಾಕಿದೀನಿ” ಎಂದು ಇಟ್ಟುಬಿಟ್ಟರು.

ಸಿಂಧು ಲಕ್ಷ್ಮೀ ನಗರದಲ್ಲಿ ಇನ್ನೊಬ್ಬ ಹುಡುಗಿಯ ಜೊತೆ ಕೋಣೆ ಹಿಡಿದಿದ್ದಳು. ಆ ಕಡೆ ಹೋದವರಿಗೆ ಗೊತ್ತು, ಗೋಡೆಗೊಂದು ಕೋಚಿಂಗ್ ಬೋರ್ಡು, ಮೆಟ್ಟಿಲಿಗೊಂದು ‘ಲೈಬ್ರರಿ’. ಲೈಬ್ರರಿ ಎಂದರೆ ಪುಸ್ತಕ ಇರುವ ಜಾಗವಲ್ಲ. ಬಾಡಿಗೆಗೆ ಒಂದು ಕುರ್ಚಿ, ಒಂದು ಮೇಜು, ನೆತ್ತಿಯ ಮೇಲೆ ಕಣ್ಣು ಕುಕ್ಕುವ ಟ್ಯೂಬ್‌ಲೈಟು. ಭಾನುವಾರಗಳಲ್ಲಿ ಅವಳು ನಮ್ಮ ಮನೆಗೆ ಬಂದು ಸಾರು ಅನ್ನ ಉಂಡು ಹೋಗುತ್ತಿದ್ದಳು. ಮಾತು ಕಡಿಮೆ, ಲೆಕ್ಕದಲ್ಲಿ ಬೆಂಕಿಯಂಥ ಹುಡುಗಿ. ನನ್ನ ಗಣಿತದ ಮೇಷ್ಟ್ರಿಗೆ ಇಂಥ ಶಿಷ್ಯೆ ಸಿಕ್ಕಬೇಕಿತ್ತು ಎಂದುಕೊಳ್ಳುತ್ತಿದ್ದೆ.

ಒಂದು ಭಾನುವಾರ ತಟ್ಟೆಯ ಮುಂದೆ ಕೂತವಳು ಕಣ್ಣು ಮುಚ್ಚಿಕೊಂಡು, “ಆಂಟಿ, ಒಗ್ಗರಣೆ ವಾಸನೆ ತಡೀತಿಲ್ಲ” ಎಂದಳು. ನನಗೆ ಬೇರೆ ಹೇಳಬೇಕೆ? “ಯಾವ ಕಡೆ?” ಎಂದೆ. ಅವಳು ಥಟ್ಟನೆ ತಲೆಯೆತ್ತಿ ನೋಡಿ, ಬಲಗಡೆ ಮುಟ್ಟಿಕೊಂಡು, ಅಳಲು ಶುರುಮಾಡಿದಳು. ನೋವಿಗೆ ಅಲ್ಲ. ಹಾಗೆ ಕೇಳಿದವರು ಅದುವರೆಗೆ ಯಾರೂ ಇರಲಿಲ್ಲವಂತೆ.

ಅವಳ ಕಥೆ ಇಷ್ಟು. ತಿಂಗಳಲ್ಲಿ ಕೆಲವು ದಿನ ಎದ್ದು ಕೂರಲಾಗುವುದಿಲ್ಲ. ಲೈಟು ಆರಿಸಿ ಮಲಗಿದರೆ ಜೊತೆಯವಳು ‘ಪರೀಕ್ಷೆ ಬಂದ್ರೆ ಇವಳಿಗೆ ನಾಟಕ’ ಎನ್ನುತ್ತಾಳೆ. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಿದರು. ಡಾಕ್ಟರು ಮೈಗ್ರೇನ್ ಎಂದು ಮಾತ್ರೆಯನ್ನೂ ಕೊಟ್ಟರು. ಆದರೆ ಈ ಪ್ರಾಮಾಣಿಕ ಹುಡುಗಿ ಅಪ್ಪನಿಗೆ ಫೋನಿನಲ್ಲಿ ಮೊದಲು ಹೇಳಿದ್ದು, “ಸ್ಕ್ಯಾನ್ ನಾರ್ಮಲ್ ಅಂತೆ ಅಪ್ಪಾಜಿ” ಎಂದು. ಗಾಬರಿಯಾಗದಿರಲಿ ಎಂದು ಹೇಳಿದ ಮಾತು ಅವಳ ಕುತ್ತಿಗೆಗೇ ಬಂತು. ನಾರ್ಮಲ್ ಎಂದಮೇಲೆ ಹಗಲು ಹೊತ್ತು ಬಾಗಿಲು ಹಾಕಿಕೊಂಡು ಮಲಗುವುದೇಕೆ? ಓದಲು ಮನಸ್ಸಿಲ್ಲ, ಇಲ್ಲವೇ ಮನಸ್ಸಿನಲ್ಲಿ ಬೇರೆ ಯಾರೋ ಇದ್ದಾರೆ. ತಿಪ್ಪೇಸ್ವಾಮಿ ಹಾಗೆ ತೀರ್ಮಾನ ಮಾಡಿಬಿಟ್ಟರು. ಗಿರಣಿಯವರೆಲ್ಲ ಸೇರಿ ಮಂತ್ರಿಗಳಿಗೆ ಮನವಿ ಕೊಡಲು ದೆಹಲಿಗೆ ಬರುವುದಿತ್ತು. ವಾಪಸು ಹೋಗುವಾಗ ಮಗಳನ್ನು ಗಂಟುಮೂಟೆ ಸಮೇತ ಕರೆದುಕೊಂಡು ಹೋಗುವುದು ಎಂದು ಹೇಳಿಕಳಿಸಿದರು.

“ಕೊನೇ ಪರೀಕ್ಷೆ ಒಂದೇ ಉಳಿದಿರೋದು ಆಂಟಿ. ಈಗ ಹೋದ್ರೆ ಮತ್ತೆ ಕಳ್ಸಲ್ಲ. ನೀವು ಹೇಳಿದ್ರೆ ಕೇಳ್ತಾರೆ, ನೀವು ಲೆಕ್ಚರರ್ ಅಲ್ವಾ?” ಎಂದಳು ಸಿಂಧು.

ಅಲ್ವಾ ಎಂದರೆ ಮುಗಿಯಿತು! ನಾನು ಕ್ಲಾಸಿಗೆ ತಯಾರಾದಂತೆ ತಯಾರಾದೆ. ಚಾಣಕ್ಯಪುರಿಯಲ್ಲಿ ಕರ್ನಾಟಕದವರು ಇಳಿದುಕೊಳ್ಳುವ ಅತಿಥಿಗೃಹದಲ್ಲಿ ತಿಪ್ಪೇಸ್ವಾಮಿ ಉಳಿದಿದ್ದರು. ಭಾನುವಾರ ಮಧ್ಯಾಹ್ನ ಅಲ್ಲಿನ ಕ್ಯಾಂಟೀನಿನಲ್ಲಿ ಊಟಕ್ಕೆ ಸೇರುವುದೆಂದಾಯಿತು. ಹೊರಡುವಾಗ ನಮ್ಮವರು, “ನೋಡು, ಗ್ರೀಕಿನಿಂದ ಶುರು ಮಾಡಬೇಡ” ಎಂದು ಬುದ್ಧಿ ಹೇಳಿದರು. ಹಾಸ್ಪಿಟಲ್ ಎಂಬ ಮಾತೂ ಲ್ಯಾಟಿನ್ನಿನಲ್ಲಿ ಅತಿಥಿಗೃಹವೇ ಆಗಿತ್ತು ಎಂಬುದು ಆಟೋದಲ್ಲಿ ನೆನಪಾಯಿತು. ಆದರೆ ಕೇಳಿಸಿಕೊಳ್ಳಲು ಆಟೋ ಭಯ್ಯಾ ಒಬ್ಬನೇ ಇದ್ದ.

ಮೇ ತಿಂಗಳ ಬಿಸಿಲು. ರಸ್ತೆಯೆಲ್ಲ ಬೆಳ್ಳಗೆ ಕಾದುಹೋಗಿತ್ತು. ತಿಪ್ಪೇಸ್ವಾಮಿ ಬಾಗಿಲಲ್ಲೇ ನಿಂತಿದ್ದರು. ಎತ್ತರದ ಆಳು, ಬಿಳಿ ಅಂಗಿ, ದೊಡ್ಡ ಗಂಟಲು. “ಬನ್ನಿ ಮೇಡಂ, ನಿಮ್ಮಂಥೋರು ಇರೋದ್ರಿಂದ ನಮ್ಗೆ ಧೈರ್ಯ” ಎಂದು ಕೈಮುಗಿದು, ಶೇಂಗಾ ಚಟ್ನಿಪುಡಿಯ ಡಬ್ಬಿ ಕೊಟ್ಟರು. ಕೆಟ್ಟ ಮನುಷ್ಯರಲ್ಲ ಎಂದು ಅಲ್ಲೇ ಗೊತ್ತಾಯಿತು. ಮರುಗಳಿಗೆಯೇ ತಲೆಗೆ ದುಪಟ್ಟಾ ಹೊದ್ದು ಬಂದ ಮಗಳನ್ನು ನೋಡಿ ಮುಖ ಗಂಟಿಕ್ಕಿಕೊಂಡರು. “ಅದೇನು ಅವತಾರ? ದೊಡ್ಡೋರ ಮುಂದೆ ಬರೋವಾಗ ತಲೆ ಬಾಚ್ಕೊಂಡು ಬರೋಕೂ ಆಗಲ್ವಾ?” ದುಪಟ್ಟಾದ ಅಂಚಿನಲ್ಲಿ ಕೂದಲು ಕೆದರಿದ್ದು ಕಾಣುತ್ತಿತ್ತು. ಅವಳು ದುಪಟ್ಟಾವನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು.

ಬಿಸಿಬೇಳೆಬಾತ್ ಬಂತು. ನಾನು ಗಂಟಲು ಸರಿಮಾಡಿಕೊಂಡೆ. ಗ್ರೀಕಿನಿಂದ ಶುರು ಮಾಡಲಿಲ್ಲ, ಫ್ರೆಂಚಿನಿಂದ ಶುರು ಮಾಡಿದೆ. ಫ್ರಾನ್ಸು ದಾಟಿ, ರೋಮು ಸುತ್ತಿ, ಹಳೆಯ ವೈದ್ಯರು, ರಾಜರು, ರಾಣಿಯರು, ಯಾರ್‍ಯಾರಿಗೆ ಈ ನೋವು ಇದ್ದಿರಬಹುದು, ಎಷ್ಟು ಪುರಾತನವಾದದ್ದು ಇದು ಎಂದೆಲ್ಲ ಹೇಳಿದೆ. ತಿಪ್ಪೇಸ್ವಾಮಿ ಮರ್ಯಾದೆಗೆ ತಲೆಯಾಡಿಸುತ್ತಾ ಎರಡು ಸಲ ಬಾತ್ ಹಾಕಿಸಿಕೊಂಡರು. ಕೊನೆಗೆ ಕೈ ಒರೆಸಿಕೊಂಡು ಕೇಳಿದರು.

“ಅಲ್ಲ ಮೇಡಂ, ಹೆಸರು ಹಳೇದಾದ್ರೆ ಕಾಯಿಲೆ ನಿಜ ಆಗಿಬಿಡುತ್ತಾ? ನಮ್ಮ ಗಿರಣೀಲಿ ಮಿಷನ್ ನಿಂತ್ರೆ ಬಿಚ್ಚಿ ನೋಡ್ತೀವಿ. ಏನೂ ಕೆಟ್ಟಿಲ್ಲ ಅಂದ್ರೆ ನಡ್ಸೋನಿಗೆ ಮನ್ಸಿಲ್ಲ ಅಂತ್ಲೇ ಅರ್ಥ. ಇವಳ ತಲೆ ಒಳ್ಗೆಲ್ಲ ಫೋಟೋ ತೆಗ್ದು ನೋಡಿದಾರೆ. ಏನೂ ಇಲ್ಲ ಅಂದಿದಾರೆ. ನಾನೇನು ತಿಳ್ಕೋಬೇಕು, ನೀವೇ ಹೇಳಿ.”

ಸ್ಕ್ಯಾನಿನಲ್ಲಿ ಕಾಣದ ನೋವೂ ಉಂಟು ಎಂದೇನೋ ತೊದಲಿದೆ. “ಇರಬೋದು ಮೇಡಂ” ಎಂದರು, ಇಲ್ಲ ಎನ್ನುವ ದನಿಯಲ್ಲಿ. ಅಷ್ಟು ದೊಡ್ಡ ಮನುಷ್ಯ ನನ್ನ ಎದುರಿಗೆ ಸೋತವರ ಹಾಗೆ ಕೂತಿದ್ದರು. ಮಗಳ ಮೇಲೆ ಅವರಿಗಿದ್ದ ಆಸೆ ಎಷ್ಟು ದೊಡ್ಡದೆಂಬುದು ಆ ಮುಖದಲ್ಲಿ ಬರೆದಿತ್ತು. ಸಿಂಧು ನನ್ನ ಕಡೆ ನೋಡಿದಳು.

ಆಗ ಅವಳು ಚಮಚವನ್ನು ನಿಧಾನವಾಗಿ ಕೆಳಗಿಟ್ಟಳು. ಸ್ಟೀಲಿನ ತಟ್ಟೆಯ ಮೇಲೆ ಕಿಟಕಿಯ ಬಿಸಿಲು ಹೊಳೆಯುತ್ತಿತ್ತು. ಅವಳು ಅದರ ಮೇಲೆ ಕರವಸ್ತ್ರ ಹರಡಿದಳು. ಅಪ್ಪನ ಕಡೆಗೆ ತಿರುಗಿ, ಕಣ್ಣು ಕಿರಿದು ಮಾಡಿಕೊಂಡು, ತೀರಾ ಮೆಲ್ಲಗೆ ಹೇಳಿದಳು.

“ಅಪ್ಪಾಜಿ, ನಿಮ್ಮ ಮುಖ ಅರ್ಧ ಕಾಣ್ತಿಲ್ಲ.”

“ಏನಂದೆ?”

“ಈ ಕಡೆ ಕಾಣ್ತಿದೆ. ಆ ಕಡೆ ಇಲ್ಲ. ಅಂಕುಡೊಂಕಾಗಿ ಏನೋ ಮಿಂಚ್ತಿದೆ. ಇನ್ನು ಅರ್ಧ ಗಂಟೇಲಿ ಶುರುವಾಗುತ್ತೆ.”

ನೋವು ಬರುವ ಮುಂಚೆ ಕೆಲವರಿಗೆ ಹೀಗೆ ಆಗುತ್ತದೆ. ವೈದ್ಯರು ಅದಕ್ಕೆ ಔರಾ ಎನ್ನುತ್ತಾರೆ. ಗ್ರೀಕಿನಲ್ಲಿ ತಂಗಾಳಿ ಎಂದು ಅರ್ಥ, ಮಳೆಗೆ ಮುಂಚೆ ಬೀಸುತ್ತದಲ್ಲ, ಹಾಗೆ. ನನ್ನ ಪುಣ್ಯ, ಅದನ್ನು ಆಗ ಹೇಳಲಿಲ್ಲ. ಬದಲಿಗೆ, ಅಷ್ಟು ಹೊತ್ತು ರಾಜರಾಣಿಯರ ನಡುವೆ ಸುತ್ತಾಡುತ್ತಾ ಹೇಳಲು ಮರೆತೇಬಿಟ್ಟಿದ್ದ ಒಂದು ಮಾತು ಬಾಯಿಗೆ ಬಂತು. “ಅರ್ಧ ತಲೆ ಅಂತಲೇ ಆ ಹೆಸರಿನ ಅರ್ಥ ತಿಪ್ಪೇಸ್ವಾಮಿಯವರೇ. ಗ್ರೀಕರು ಅಂದದ್ದೂ ಅದೇ. ನಮ್ಮೂರಲ್ಲಿ ನಮ್ಮಜ್ಜಿ ಅರೆತಲೆನೋವು ಅಂತಿದ್ಲು.”

“ಅರೆತಲೆ?” ಎಂದರು ತಿಪ್ಪೇಸ್ವಾಮಿ.

ಅವರು ಎದ್ದು ಮೇಜು ಸುತ್ತಿಕೊಂಡು ಬಂದರು. ಬೈಯುತ್ತಾರೆ ಎಂದುಕೊಂಡೆ. ಮಗಳ ಪಕ್ಕ ನಿಂತು, ಆ ದೊಡ್ಡ ಕೈಯಿಂದ ದುಪಟ್ಟಾವನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದರು. ಬೈತಲೆಯ ಎಡಗಡೆ ಕೂದಲು ಒಪ್ಪವಾಗಿ ಬಾಚಿತ್ತು. ಬಲಗಡೆ ಸಿಕ್ಕುಸಿಕ್ಕಾಗಿ ಹಾಗೇ ಇತ್ತು. ಅವರು ಅದನ್ನು ಬಹಳ ಹೊತ್ತು ನೋಡಿದರು.

“ಈ ಕಡೆ ಯಾಕೆ ಬಾಚಿಲ್ಲ ತಾಯಿ?” ಎಂದು ಕೇಳಿದರು.

“ನಿನ್ನೆಯಿಂದ ಬಾಚಣಿಗೆ ತಾಕಿದ್ರೆ ಉರಿಯುತ್ತೆ ಅಪ್ಪಾಜಿ. ನೋವು ಬರೋ ಕಡೆ ಹಂಗೇ.”

ತಿಪ್ಪೇಸ್ವಾಮಿ ಪಕ್ಕದ ಕುರ್ಚಿಯಲ್ಲಿ ಕುಸಿದು ಕೂತರು. ಆಮೇಲೆ ಹೇಳಿದ್ದು ನನಗೋ, ಮಗಳಿಗೋ, ತಮಗೇ ಹೇಳಿಕೊಂಡದ್ದೋ ಗೊತ್ತಾಗಲಿಲ್ಲ. “ನಮ್ಮವ್ವ ಹಿಂಗೇ ಒಂದೇ ಕಡೆ ಬಾಚ್ಕಂತಿದ್ಲು. ಎಣ್ಣೆ ಗಿರಣಿ ಮನೆ, ಡಬ್ಬಗಟ್ಲೆ ಎಣ್ಣೆ. ಅವ್ವ ಅರ್ಧ ತಲೆಗೆ ಮಾತ್ರ ಹಚ್ಕಳೋಳು. ಆ ಕಡೆ ಮುಟ್ಟೋಕೂ ಬಿಡ್ತಿರ್ಲಿಲ್ಲ. ನಾವು ಹುಡುಗ್ರು, ಅರೆಬೋಡಿ, ಅರೆಬೋಡಿ ಅಂತ ಕುಣೀತಿದ್ವಿ. ಚೀಲ ಇಡೋ ಕೋಣೇಲಿ ಮಧ್ಯಾಹ್ನ ಮಲಗಿದ್ರೆ ನಮ್ಮಪ್ಪ ಕೆಲಸಗಳ್ಳಿ ಅಂತ ಎಬ್ಬಿಸಿ ಹೊರಗೆ ಬಿಸಿಲಿಗೆ ಕೂರ್ಸೋನು. ಶೇಂಗಾ ಕಾಯಿ ಒಡೀತಾ ಕೂತಿರೋಳು, ಕಣ್ಣಲ್ಲಿ ನೀರು ಸುರೀತಿರೋದು. ಕೇಳಿದ್ರೆ ಧೂಳು ಬಿತ್ತು ಅನ್ನೋಳು. ಸಾಯೋ ತನಕ ಧೂಳೇ ಬಿತ್ತು ಅವ್ವಂಗೆ.”

ಪಕ್ಕದ ಮೇಜಿನವರು ಮೊಸರನ್ನ ಬೇಕೆಂದು ಕೂಗಿದರು. ತಿಪ್ಪೇಸ್ವಾಮಿ ಅವರ ಕಡೆ ತಿರುಗಿ, ಅಷ್ಟು ದೊಡ್ಡ ಗಂಟಲಿನವರು, “ಸ್ವಲ್ಪ ಮೆಲ್ಲಗೆ ಸ್ವಾಮಿ, ಮಗೂಗೆ ತಲೆನೋವು” ಎಂದು ಪಿಸುಗುಟ್ಟಿದರು.

ಸಿಂಧು ಮಾತ್ರೆ ನುಂಗಿದಳು. ಅವಳನ್ನು ಮೇಲಿನ ಅವರ ಕೋಣೆಗೆ ಕರೆದುಕೊಂಡು ಹೋದೆವು. ಕೋಣೆ ಪಶ್ಚಿಮಕ್ಕೆ ಮುಖ ಮಾಡಿತ್ತು. ಕಿಟಕಿಗೆ ತೆಳ್ಳನೆಯ ಬಿಳಿ ಪರದೆ. ಮೇ ತಿಂಗಳ ಬಿಸಿಲಿಗೆ ಅದು ಯಾವ ಲೆಕ್ಕ? ಅವಳು ಮಂಚದ ಮೇಲೆ ಉರುಳಿ, ಗೋಡೆ ಕಡೆ ಮುಖ ಮಾಡಿ, ತೋಳಿನಿಂದ ಕಣ್ಣು ಮುಚ್ಚಿಕೊಂಡಳು. ತಿಪ್ಪೇಸ್ವಾಮಿ ಇನ್ನೊಂದು ಮಂಚದ ದಪ್ಪ ಹೊದಿಕೆಯನ್ನು ಎಳೆದುಕೊಂಡು ಕಿಟಕಿಗೆ ಹೋದರು. ಕಟ್ಟಲು ಮೊಳೆಯಿಲ್ಲ, ಸಿಕ್ಕಿಸಲು ಸಂದಿಲ್ಲ. ಅತ್ತ ನೋಡಿದರು, ಇತ್ತ ನೋಡಿದರು. ಕೊನೆಗೆ ಎರಡೂ ಕೈ ಮೇಲಕ್ಕೆತ್ತಿ, ಹೊದಿಕೆಯನ್ನು ಕಿಟಕಿಗೆ ಅಡ್ಡ ಹಿಡಿದುಕೊಂಡು ನಿಂತುಬಿಟ್ಟರು. ಕೋಣೆ ಕತ್ತಲಾಯಿತು.

ನಾನು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತೆ. ಅವರ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. “ಅದರ ಬಾಯಿ ಮುಚ್ಚಿಸಿ ಮೇಡಂ” ಎಂದರು. ತೆಗೆದು ನೋಡಿದರೆ ಜೊತೆಗೆ ಬಂದಿದ್ದ ಗಿರಣಿಯವರು. ಮೆಲ್ಲಗೆ ಮಾತಾಡಿದೆ. ವಾಪಸು ರೈಲಿಗೆ ತಿಪ್ಪೇಸ್ವಾಮಿಗೆ ಎರಡು ಟಿಕೆಟ್ ತಾನೆ ಎಂದು ಕೇಳುತ್ತಿದ್ದರು. ನಾನು ಅವರ ಬೆನ್ನಿನ ಕಡೆ ನೋಡಿ ಮೆಲ್ಲಗೆ ಅದನ್ನೇ ಕೇಳಿದೆ.

“ಒಂದೇ ಸಾಕು ಅನ್ನಿ” ಎಂದರು, ತಿರುಗದೆ.

ಎಷ್ಟು ಹೊತ್ತು ಹಾಗೆ ಕಳೆಯಿತೋ. ಅಂಗಿಯ ಬೆನ್ನು ಪೂರ್ತಿ ನೆಂದಿತ್ತು, ಎತ್ತಿದ ತೋಳುಗಳು ನಡುಗುತ್ತಿದ್ದವು. ನಾನು ಸ್ವಲ್ಪ ಹೊತ್ತು ಹಿಡಿಯುತ್ತೇನೆಂದು ಎದ್ದು ಹೋದರೆ ತಲೆಯಾಡಿಸಿ ಬೇಡವೆಂದರು. ಸಿಂಧು ಮಲಗಿದ್ದಲ್ಲಿಂದಲೇ ಕಣ್ಣು ಬಿಡದೆ, “ಕೈ ನೋಯಲ್ವಾ ಅಪ್ಪಾಜಿ? ಬಿಡಿ ಸಾಕು” ಎಂದಳು.

“ಮಲಕ್ಕೋ ತಾಯಿ” ಎಂದರು ತಿಪ್ಪೇಸ್ವಾಮಿ. “ನಮ್ಮವ್ವಂಗೆ ಯಾರೂ ಹಿಡೀಲಿಲ್ಲ.”